ಒಂದು ಮೆಟ್ಟಿಲು ತಪ್ಪಿದರೆ: ಎರಡು ಫೋಟೊಗಳ ಗೆರೆ ಹೊಂದಿಸುವ ಬಗೆ

ತಂಗಿಯ ಮಗಳು ಕೊನೇ ವರ್ಷದ ಪ್ರಾಜೆಕ್ಟ್‌ಗೆ ಸಂತೆಬೆನ್ನೂರಿನ ಪುಷ್ಕರಣಿಯನ್ನು ಆರಿಸಿಕೊಂಡಿದ್ದಳು. ಮೊಬೈಲಿನಲ್ಲಿ ಫೋಟೊ ಹೊಡೆದು, ಅವುಗಳಿಂದಲೇ ಕಲ್ಲಿನ ಮೆಟ್ಟಿಲುಗಳ ಅಳತೆ-ನಕ್ಷೆ ತೆಗೆಯಬೇಕೆಂಬುದು ಅವಳ ಲೆಕ್ಕ. ಒಂದು ಭಾನುವಾರ ದಾವಣಗೆರೆಯ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಮಾಮ, ಎಲ್ಲಾ ಗೆರೆ ಮ್ಯಾಚ್ ಆಗ್ಯಾವೆ, ನೂರಕ್ಕೆ ತೊಂಬತ್ತು ಇನ್‌ಲಯರ್ ಐತೆ. ಆದ್ರೂ ನಕ್ಷೇಲಿ ಒಂದು ಮೆಟ್ಟಿಲು ಜಾಸ್ತಿ ಬರ್ತೈತೆ."

ಇನ್‌ಲಯರ್ ಎಂದರೆ ಪ್ರೋಗ್ರಾಮಿನ ಲೆಕ್ಕಕ್ಕೆ ಒಪ್ಪುವ ಜೋಡಿ. ಎರಡು ಫೋಟೊ ಪಕ್ಕಪಕ್ಕದಲ್ಲಿ, ನಡುವೆ ಜೋಡಿ ಗೆರೆಗಳನ್ನು ಕೂಡಿಸುವ ಹಸಿರು ದಾರಗಳು. ನೋಡಲಿಕ್ಕೆ ಏನೂ ತಪ್ಪಿಲ್ಲ. ಮೂಲೆ ಒಡೆದ ಒಂದು ಮೆಟ್ಟಿಲನ್ನು ಹುಡುಕಿ ದೊಡ್ಡದು ಮಾಡಿದೆ. ಎಡಗಡೆ ಫೋಟೊದಲ್ಲಿ ಆ ಒಡಕು ಮೆಟ್ಟಿಲಿನಿಂದ ಹೊರಟ ದಾರ ಬಲಗಡೆಯಲ್ಲಿ ಅದರ ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತಿತ್ತು. ಅದರ ಮೇಲಿನದೂ ಹಾಗೆಯೇ, ಕೆಳಗಿನದೂ ಹಾಗೆಯೇ. ಇಡೀ ಸಾಲೇ ಒಂದು ಮೆಟ್ಟಿಲು ಜಾರಿತ್ತು.

ಅಪ್ಪಾಜಿ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದವರು. ಚಹಾ ಕುಡಿಯುತ್ತ ಪರದೆ ಕಡೆ ಬಗ್ಗಿ ನೋಡಿ, "ಹಣಿಗೆಯಾಗೆ ಒಂದು ಹಲ್ಲು ತಪ್ಪಿಸಿ ಎಳೆ ಪೋಣಿಸಿದ್ರೆ ಹಿಂಗೇ. ಮುಂದಿನ ಎಳೆ ಎಲ್ಲಾ ಸಾಲಾಗೇ ಕಾಣ್ತಾವೆ. ಬಟ್ಟೆ ಇಳಿದ ಮೇಲೇ ಗೊತ್ತಾಗೋದು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗುತ್ತಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಮಾಡುವುದು ಇದೇ ಕೆಲಸ, ಕ್ಯಾಮೆರಾ ಚಿತ್ರಗಳಿಂದ ಅಳತೆ ತೆಗೆಯುವ ಸಾಫ್ಟ್‌ವೇರ್. ಅವಳಿಗೆ ಎರಡು ವಾರ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೈಥಾನ್, ನಮ್‌ಪೈ, ಓಪನ್‌ಸಿವಿ (ಚಿತ್ರಗಳ ಲೆಕ್ಕಕ್ಕಿರುವ ಸಾಫ್ಟ್‌ವೇರ್ ಸಂಗ್ರಹ) ಅಷ್ಟಿಷ್ಟು ಬಂದರೆ ಸಾಕು.

ಫೋಟೊ ಹೊಡೆಯುವಾಗ

ಮೊಬೈಲಿನ 0.5 ಲೆನ್ಸ್ ಮುಟ್ಟಲೇಬೇಡಿ. ಇಡೀ ಕೊಳ ಒಂದೇ ಫೋಟೊದಲ್ಲಿ ಬರುತ್ತದೆಂಬ ಆಸೆಗೆ ಅವಳು ಮೊದಲು ಹೊಡೆದದ್ದು ಅದರಲ್ಲೇ. ನೆಟ್ಟಗಿರುವ ಮೆಟ್ಟಿಲಿನ ಅಂಚು ಅದರಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಗೆರೆಯನ್ನು ಪ್ರೋಗ್ರಾಮು ಏಳೆಂಟು ತುಂಡು ಮಾಡಿ ಕೊಡುತ್ತದೆ. ಮುಖ್ಯ ಲೆನ್ಸಿನಲ್ಲೂ ಅಲ್ಪಸ್ವಲ್ಪ ಬಾಗು ಇದ್ದೇ ಇರುತ್ತದೆ. ಚದುರಂಗದ ಮನೆಗಳ ಚಿತ್ರವನ್ನು ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ, ಬೇರೆಬೇರೆ ಓರೆಯಲ್ಲಿ ಹದಿನೈದಿಪ್ಪತ್ತು ಫೋಟೊ ಹೊಡೆದು ಲೆನ್ಸಿನ ಬಾಗು ಎಷ್ಟೆಂದು ಒಮ್ಮೆ ಅಳೆದುಕೊಳ್ಳಿ (ಕ್ಯಾಲಿಬ್ರೇಷನ್). ಆಮೇಲೆ ಪ್ರತಿ ಫೋಟೊದ ಬಾಗನ್ನೂ ತೆಗೆದೇ ಮುಂದಿನ ಕೆಲಸ.

ಎರಡು ಫೋಟೊಗಳ ನಡುವೆ ಹೊತ್ತು ಕಳೆಯಬಾರದು. ನೆರಳಿನ ಅಂಚೂ ಗೆರೆಯೇ, ಅದೂ ಕಲ್ಲಿನ ಅಂಚಿಗಿಂತ ಚೂಪಾದ ಗೆರೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ನೆರಳು ಸರಿದಿರುತ್ತದೆ, ನಿಮ್ಮ ಗೆರೆಯೂ ಅದರ ಜೊತೆ.

ನೀರಿನದು ಇನ್ನೊಂದು ಫಜೀತಿ. ಗಾಳಿಯಿಲ್ಲದ ಬೆಳಿಗ್ಗೆ ಕೊಳದ ನೀರಿನಲ್ಲಿ ಮೆಟ್ಟಿಲುಗಳೂ ನಡುವಿನ ವಸಂತ ಮಂಟಪವೂ ತಲೆಕೆಳಗಾಗಿ ಅಚ್ಚುಕಟ್ಟಾಗಿ ಕಾಣುತ್ತವೆ. ಆ ಬಿಂಬದ ಗೆರೆಗಳು ಎರಡೂ ಫೋಟೊಗಳಲ್ಲಿ ಇರುತ್ತವೆ, ಒಂದಕ್ಕೊಂದು ಸೊಗಸಾಗಿ ಹೊಂದುತ್ತವೆ, ನಕ್ಷೆಯಲ್ಲಿ ನೀರಿನ ಕೆಳಗೊಂದು ಪಾತಾಳದ ಪುಷ್ಕರಣಿ ಎದ್ದು ಬರುತ್ತದೆ. ನೀರಿನ ಭಾಗಕ್ಕೆ ಕೈಯಿಂದಲೇ ಮಾಸ್ಕ್ ಬಿಡಿಸಿ ಮುಚ್ಚಿಬಿಡಿ. ಫೋಟೊಗೆ ಐದು ನಿಮಿಷದ ಕೆಲಸ.

ಎಲ್ಲಿ ನಿಂತು ಹೊಡೆಯಬೇಕೆಂಬುದು ಇವೆಲ್ಲಕ್ಕಿಂತ ದೊಡ್ಡದು. ಮೆಟ್ಟಿಲಿಗೆ ಸಮಾನಾಂತರವಾಗಿ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು ಎರಡನೇ ಫೋಟೊ ಹೊಡೆದರೆ ಮೆಟ್ಟಿಲಿನ ಅಂಚು ಎಷ್ಟು ದೂರದಲ್ಲಿದೆ ಎಂಬುದು ಆ ಗೆರೆಯಿಂದ ಸಿಗುವುದೇ ಇಲ್ಲ. ಕ್ಯಾಮೆರಾ ಮತ್ತು ಗೆರೆ ಸೇರಿದರೆ ಒಂದು ಸಮತಲ. ಎರಡು ಜಾಗದಿಂದ ಎರಡು ಸಮತಲ ಬಂದು, ಅವು ಒಂದನ್ನೊಂದು ಕತ್ತರಿಸುವ ಕಡೆ ಗೆರೆ ಇದೆ ಎಂದು ಲೆಕ್ಕ. ಗೆರೆಯ ದಿಕ್ಕಿನಲ್ಲೇ ನೀವು ಸರಿದಿದ್ದರೆ ಎರಡೂ ಒಂದೇ ಸಮತಲ, ಕತ್ತರಿಸುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಪಕ್ಕಕ್ಕೆ ಸರಿದರೆ ಸಾಲದು, ಏಳೆಂಟು ಮೆಟ್ಟಿಲು ಹತ್ತಿಯೋ ಇಳಿದೋ ಹೊಡೆಯಬೇಕು.

ಗೆರೆ ಹಿಡಿಯುವುದು

ಚಿತ್ರದಲ್ಲಿ ನೇರ ಗೆರೆ ಹುಡುಕುವ ಹಫ್ ವಿಧಾನ ನಿಮಗೆ ಪಾಠದಲ್ಲಿ ಬಂದಿರುತ್ತದೆ. 1962ರ ಪೇಟೆಂಟು, 1972ರಲ್ಲಿ ಡ್ಯೂಡಾ ಮತ್ತು ಹಾರ್ಟ್ ಅದಕ್ಕೆ ಈಗಿನ ರೂಪ ಕೊಟ್ಟರು. ಪರೀಕ್ಷೆಗೆ ಓದಿಕೊಳ್ಳಿ, ಇಲ್ಲಿಗೆ ಬೇಡ. ಅದು ಕೊಡುವುದು ಕೊನೆಮೊದಲಿಲ್ಲದ ಗೆರೆ, ನಮಗೆ ಬೇಕಾದದ್ದು ಗೆರೆಯ ತುಂಡು. ಗೆರೆಯ ತುಂಡುಗಳನ್ನೇ ಹಿಡಿಯಲೆಂದು 2010ರಲ್ಲಿ ಬಂದ ಎಲ್‌ಎಸ್‌ಡಿ ಈ ಕೆಲಸಕ್ಕೆ ಇವತ್ತಿಗೂ ಸಾಕು. ಹೊಳಪು ಯಾವ ದಿಕ್ಕಿಗೆ ಏರುತ್ತದೆಂದು ಪ್ರತಿ ಪಿಕ್ಸೆಲ್ಲಿನಲ್ಲೂ ನೋಡಿ, 22.5 ಡಿಗ್ರಿಯೊಳಗೆ ಒಂದೇ ದಿಕ್ಕಿಗೆ ಒಲಿದ ನೆರೆಯ ಪಿಕ್ಸೆಲ್ಲುಗಳನ್ನು ಗುಂಪು ಕಟ್ಟಿ, ಆ ಗುಂಪಿಗೊಂದು ಆಯತ ಹೊದಿಸಿ, ಇಂಥದ್ದು ಬರೀ ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲದಲ್ಲಿ ಆಕಸ್ಮಿಕವಾಗಿ ಹುಟ್ಟಬಹುದೇ ಎಂದು ಲೆಕ್ಕ ಹಾಕುತ್ತದೆ. ಹುಟ್ಟಲಾರದು ಅನಿಸಿದರೆ ಗೆರೆ ಎಂದು ಒಪ್ಪುತ್ತದೆ.

ಓಪನ್‌ಸಿವಿಯ ಆವೃತ್ತಿ ನೋಡಿಕೊಳ್ಳಿ. ಲೈಸೆನ್ಸ್ ತಕರಾರಿನಿಂದ 4.1.0ರಿಂದ 4.5.3ರವರೆಗೆ ಎಲ್‌ಎಸ್‌ಡಿಯನ್ನು ಅದರಿಂದ ತೆಗೆದುಹಾಕಿದ್ದರು, 4.5.4ರಲ್ಲಿ ವಾಪಸು ಬಂತು. ಹಳೇ ಲ್ಯಾಬ್ ಕಂಪ್ಯೂಟರಿನಲ್ಲಿ ಎರರ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಹೊಸದು ಹಾಕಿಕೊಳ್ಳಿ.

ಫೋಟೊವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕಪ್ಪು-ಬಿಳುಪು ಮಾಡಿ, ಎಲ್‌ಎಸ್‌ಡಿಗೆ ಕೊಡಿ. 30 ಪಿಕ್ಸೆಲ್ಲಿಗಿಂತ ಗಿಡ್ಡದನ್ನು ಎಸೆಯಿರಿ, ಅವೆಲ್ಲ ಹುಲ್ಲು, ಪಾಚಿ, ಕಲ್ಲಿನ ಉಳಿಗುರುತು. ಒಂದೇ ಅಂಚು ಎರಡು ಮೂರು ತುಂಡಾಗಿ ಬಂದಿರುತ್ತದೆ. ಕೋನದ ವ್ಯತ್ಯಾಸ 2 ಡಿಗ್ರಿಯೊಳಗೆ, ಅಡ್ಡದೂರ (ಗೆರೆಗೆ ಲಂಬವಾಗಿ ಅಳೆದ ದೂರ) 2 ಪಿಕ್ಸೆಲ್ಲಿನೊಳಗೆ, ನಡುವಿನ ಸಂದು ಗಿಡ್ಡ ತುಂಡಿನ ಉದ್ದಕ್ಕಿಂತ ಕಡಿಮೆ ಇದ್ದರೆ ನಾನು ಜೋಡಿಸುತ್ತೇನೆ.

ಎಲ್‌ಎಸ್‌ಡಿ ಕೊಡುವ ಎರಡು ತುದಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಅರ್ಥವಿದೆ. ಗೆರೆಯ ಯಾವ ಮಗ್ಗುಲು ಕಪ್ಪು ಎಂದು ಆ ಕ್ರಮವೇ ಹೇಳುತ್ತದೆ. ಬಹಳ ಜನ ಇದನ್ನು ಗಮನಿಸದೆ ಕೋನವನ್ನು 180ಕ್ಕೆ ಮಡಚಿಬಿಡುತ್ತಾರೆ, ಅಂದರೆ ಎದುರುಬದುರು ದಿಕ್ಕುಗಳನ್ನು ಒಂದೇ ಎಂದು ಎಣಿಸುತ್ತಾರೆ. ಮೆಟ್ಟಿಲಿನಲ್ಲಿ ಇದು ಚಿನ್ನದಂಥ ಸುಳಿವು. ಬಿಸಿಲಿಗೆ ಒಡ್ಡಿದ ಮೇಲ್ಮೈ ಬೆಳ್ಳಗೆ, ಎದುರು ನಿಂತ ಮೈ ಕಪ್ಪಗೆ. ಹಾಗಾಗಿ ಮೆಟ್ಟಿಲಿನ ಮೂತಿಯ (ಮುಂದಿನ ಮೇಲಂಚಿನ) ಗೆರೆ ಒಂದು ದಿಕ್ಕಿಗೆ, ಬುಡದ ಗೆರೆ ಅದಕ್ಕೆ ಉಲ್ಟಾ. ದಿಕ್ಕು ಉಳಿಸಿಕೊಂಡರೆ ಮೂತಿಯನ್ನು ಬುಡಕ್ಕೆ ಹೊಂದಿಸುವ ತಪ್ಪು ಅಲ್ಲೇ ನಿಲ್ಲುತ್ತದೆ. ತುಂಡು ಜೋಡಿಸುವಾಗಲೂ ಉಲ್ಟಾ ದಿಕ್ಕಿನವನ್ನು ಸೇರಿಸಬೇಡಿ.

ತುದಿ ನಂಬಬೇಡಿ, ಗೆರೆ ನಂಬಿ

ಮೊದಲ ಫೋಟೊದಲ್ಲಿ ಗೆರೆಯ ತುದಿ ಕಾಣುವ ಜಾಗದಲ್ಲಿ ಎರಡನೆಯದರಲ್ಲಿ ಒಂದು ಗಿಡ ಅಡ್ಡ ಬಂದಿರಬಹುದು. ಆದ್ದರಿಂದ ತುದಿಗೆ ತುದಿ ಹೋಲಿಸುವುದಲ್ಲ, ಒಂದು ತುಂಡಿನ ತುದಿಯಿಂದ ಇನ್ನೊಂದರ ಗೆರೆಗೆ ಅಡ್ಡದೂರ ಅಳೆಯುವುದು. ಲೆಕ್ಕ ಸುಲಭ. ತುದಿಗಳು (100, 200) ಮತ್ತು (500, 230) ಅಂದುಕೊಳ್ಳಿ. ಪ್ರತಿಯೊಂದರ ಪಕ್ಕ 1 ಸೇರಿಸಿ ಕ್ರಾಸ್ ಪ್ರಾಡಕ್ಟ್ ತೆಗೆದರೆ ಗೆರೆ ಮೂರು ಅಂಕಿಯಾಗುತ್ತದೆ: -30, 400, -77000. ಈಗ (300, 219) ಎಂಬ ಬಿಂದು ಎಷ್ಟು ದೂರ? -30×300 + 400×219 - 77000 ಅಂದರೆ 1600. ಅದನ್ನು ಮೊದಲೆರಡು ಅಂಕಿಗಳ ವರ್ಗಗಳ ಮೊತ್ತದ ವರ್ಗಮೂಲದಿಂದ, ಅಂದರೆ ಸುಮಾರು 401ರಿಂದ ಭಾಗಿಸಿದರೆ ಹತ್ತಿರಹತ್ತಿರ 4 ಪಿಕ್ಸೆಲ್. ಅಷ್ಟೇ. ಇದೊಂದನ್ನು ಕೈಯಲ್ಲಿ ಮಾಡಿ ನೋಡಿದರೆ ಮುಂದಿನದೆಲ್ಲ ಹಗುರ.

ಹೋಲಿಕೆ ಹುಡುಕುವುದು

ಗೆರೆಯ ಎರಡೂ ಮಗ್ಗುಲಿನ ಪಟ್ಟಿಯನ್ನು ಓದಿ ಅದಕ್ಕೊಂದು ಗುರುತು ಬರೆಯುವ ವಿಧಾನ ಎಲ್‌ಬಿಡಿ, 2013ರದ್ದು. ಗೆರೆಗೆ ಸಮಾನಾಂತರವಾಗಿ ಒಂಬತ್ತು ಪಟ್ಟಿ, ಒಂದೊಂದು 7 ಪಿಕ್ಸೆಲ್ ಅಗಲ. ಪ್ರತಿ ಪಟ್ಟಿಯಿಂದ ಹೊಳಪಿನ ಏರಿಳಿತದ ಎಂಟು ಅಂಕಿ, ಒಟ್ಟು 72. ಓಪನ್‌ಸಿವಿಯ ಕಾಂಟ್ರಿಬ್ ಭಾಗದಲ್ಲಿ ಇದನ್ನು 256 ಬಿಟ್ಟಿಗೆ ಇಳಿಸಿದ ರೂಪವಿದೆ, ಎಷ್ಟು ಬಿಟ್ ಬೇರೆ ಎಂದು ಎಣಿಸಿದರೆ ಹೋಲಿಕೆ ತಿಳಿಯುತ್ತದೆ.

ಮೆಟ್ಟಿಲಿಗೆ ಇದನ್ನು ಸ್ವಲ್ಪ ತಿದ್ದಬೇಕು. ನೀವು ಮೇಲೆ ಹತ್ತಿ ನಿಂತರೆ ಮೆಟ್ಟಿಲಿನ ಮೇಲ್ಮೈ ಅಗಲವಾಗಿ ಕಾಣುತ್ತದೆ, ಕೆಳಗಿಳಿದರೆ ಎದುರು ಮೈ ಎತ್ತರವಾಗಿ ಕಾಣುತ್ತದೆ. ಗೆರೆಯ ಎರಡೂ ಮಗ್ಗುಲು ಒಂದೇ ಸಲ ಹೊಂದುವುದು ಅಪರೂಪ. ಎಡ-ಬಲ ಮಗ್ಗುಲುಗಳಿಗೆ ಬೇರೆಬೇರೆ ಗುರುತು ಬರೆದು, ಚೆನ್ನಾಗಿ ಹೊಂದಿದ ಮಗ್ಗುಲಿನ ಅಂಕವನ್ನೇ ಇಟ್ಟುಕೊಳ್ಳಿ.

ಇನ್ನೊಂದು ಅಭ್ಯಾಸ ಬಿಡಬೇಕು. ಬಿಂದುಗಳನ್ನು ಹೊಂದಿಸುವಾಗ ಮೊದಲನೇ ಹೋಲಿಕೆ ಎರಡನೆಯದಕ್ಕಿಂತ ಸಾಕಷ್ಟು ಚೆನ್ನಾಗಿರಬೇಕು, ಇಲ್ಲದಿದ್ದರೆ ಎಸೆ ಎಂಬ ರೇಶಿಯೊ ಪರೀಕ್ಷೆ ಎಲ್ಲರಿಗೂ ರೂಢಿ. ಲೋವ್ 2004ರಲ್ಲಿ 0.8 ಎಂದಿಟ್ಟರು, ಅಂದಿನಿಂದ ಅದೇ ನಡೆದಿದೆ. ಇಲ್ಲಿ ಅದನ್ನು ಹಾಕಿದರೆ ಪುಷ್ಕರಣಿಯೇ ಖಾಲಿ. ಒಂದು ಮೆಟ್ಟಿಲಿಗೂ ಅದರ ಪಕ್ಕದ್ದಕ್ಕೂ ಏನು ವ್ಯತ್ಯಾಸ? ಎರಡೂ ಒಂದೇ ಕಲ್ಲು, ಒಂದೇ ಬಿಸಿಲು. ಪ್ರತಿ ಗೆರೆಗೂ ಅತ್ಯುತ್ತಮ ಒಂದನ್ನಲ್ಲ, ಮೂರೋ ನಾಲ್ಕೋ ಅಭ್ಯರ್ಥಿಗಳನ್ನು ಉಳಿಸಿಕೊಳ್ಳಿ. ತೀರ್ಪು ಆಮೇಲೆ.

ಹಾಸು ಇದ್ದರೆ ಸಾಲದು, ಹೊಕ್ಕೂ ಬೇಕು

ಅವಳ ಪ್ರೋಗ್ರಾಮು ಎಡವಿದ್ದು ಎಲ್ಲಿ ಅಂತ ಈಗ ನೋಡೋಣ. ಒಂದು ಪಕ್ಕದ ಮೆಟ್ಟಿಲುಗಳ ಮೂತಿಗಳೆಲ್ಲ ಒಂದೇ ಇಳಿಜಾರು ಸಮತಲದಲ್ಲಿವೆ. ಇಳಿಜಾರಿಗೆ ಒಂದು ಹಲಗೆ ಹಾಸಿದರೆ ಎಲ್ಲ ಮೂತಿಗೂ ತಾಗುತ್ತದಲ್ಲ, ಹಾಗೆ. ಸಮತಲವೆಂದ ಮೇಲೆ ಎರಡು ಫೋಟೊಗಳ ನಡುವೆ ಒಂದು ಹೋಮೋಗ್ರಫಿ, ಅಂದರೆ ಒಂದು ಫೋಟೊದ ಬಿಂದುವನ್ನು ಇನ್ನೊಂದಕ್ಕೆ ಒಯ್ಯುವ ಮೂರಕ್ಕೆ ಮೂರರ ಒಂದು ಮ್ಯಾಟ್ರಿಕ್ಸ್, ಎಲ್ಲ ಮೂತಿಗಳನ್ನೂ ಸರಿಯಾಗಿ ಕೂರಿಸುತ್ತದೆ. ಸರಿ. ಆದರೆ ಒಂದು ಮೆಟ್ಟಿಲು ಜಾರಿಸಿದ ಹೊಂದಿಕೆಯನ್ನೂ ಇನ್ನೊಂದು ಹೋಮೋಗ್ರಫಿ ಅಷ್ಟೇ ಚೆನ್ನಾಗಿ ಕೂರಿಸುತ್ತದೆ! ಇಪ್ಪತ್ತು ಮೆಟ್ಟಿಲಿದ್ದರೆ ಹತ್ತೊಂಬತ್ತು ಹೊಂದುತ್ತವೆ. ಬೇರೆಬೇರೆ ಜೋಡಿ ಆರಿಸಿ ನೋಡಿ, ಹೆಚ್ಚು ಜೋಡಿ ಒಪ್ಪುವ ಉತ್ತರ ಹಿಡಿಯುವ ರ‍್ಯಾನ್‌ಸ್ಯಾಕ್ ಬಾಯಿತುಂಬ ಹೊಗಳುತ್ತದೆ. ತೊಂಬತ್ತು ಪರ್ಸೆಂಟ್ ಇನ್‌ಲಯರ್ ಬಂದದ್ದು ಹೀಗೆ.

ಇನ್ನೂ ಒಂದಿದೆ. ನಾಲ್ಕು ಗೆರೆಗಳಿಂದ ಹೋಮೋಗ್ರಫಿ ತೆಗೆಯಬಹುದು, ಆದರೆ ಆ ನಾಲ್ಕರಲ್ಲಿ ಯಾವ ಮೂರೂ ಒಂದೇ ಬಿಂದುವಿನಲ್ಲಿ ಸೇರಬಾರದು. ಮೆಟ್ಟಿಲುಗಳೆಲ್ಲ ಸಮಾನಾಂತರ, ಫೋಟೊದಲ್ಲಿ ಅವನ್ನು ಎಳೆದರೆ ಎಲ್ಲವೂ ದೂರದ ಒಂದೇ ಬಿಂದುವಿಗೆ ಹೋಗಿ ಸೇರುತ್ತವೆ. ಅಂದರೆ ಬರೀ ಮೆಟ್ಟಿಲಿನ ಅಂಚುಗಳಿಂದ ನೂರು ಗೆರೆ ಕೊಟ್ಟರೂ ಉತ್ತರ ನಿಲ್ಲುವುದಿಲ್ಲ. ಅವಳ ಮ್ಯಾಟ್ರಿಕ್ಸ್ ಪ್ರತಿ ಸಲ ಓಡಿಸಿದಾಗಲೂ ಬೇರೆ ಬರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವಳ ಬಳಿ ಹಾಸು ಮಾತ್ರ ಇತ್ತು, ಹೊಕ್ಕು ಇರಲಿಲ್ಲ. ಗಿಡ್ಡ ಗೆರೆಗಳನ್ನು ಎಸೆಯುವಾಗ 80 ಪಿಕ್ಸೆಲ್ ಎಂದು ಹಾಕಿ, ಕಲ್ಲಿಗೂ ಕಲ್ಲಿಗೂ ನಡುವಿನ ಸಂದುಗಳನ್ನೆಲ್ಲ ಕಸವೆಂದು ಗುಡಿಸಿದ್ದಳು.

ಆ ಸಂದುಗಳೇ ಮೆಟ್ಟಿಲಿನ ಬೆರಳಚ್ಚು. ಕಟ್ಟಿದವರು ಒಂದೇ ಅಳತೆಯ ಕಲ್ಲು ಹಾಕಿಲ್ಲ. ಒಂದು ಉದ್ದ, ಒಂದು ಗಿಡ್ಡ. ಒಂದು ಮೆಟ್ಟಿಲಿನ ಸಂದುಗಳು ಪಕ್ಕದ ಮೆಟ್ಟಿಲಿನ ಸಂದುಗಳಿಗೆ ನೇರ ಬರುವುದಿಲ್ಲ. ಆದರೆ ಓರೆಯಿಂದ ನೋಡಿದಾಗ ಅಂತರಗಳು ಕುಗ್ಗುತ್ತವೆ, ಅಂತರಗಳ ಅನುಪಾತವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಕ್ರಾಸ್ ರೇಶಿಯೊ, ಅದಕ್ಕೆ ಒಂದೇ ಗೆರೆಯ ಮೇಲಿನ ನಾಲ್ಕು ಬಿಂದು ಬೇಕು.

ಒಂದನ್ನು ಮಾಡಿ ನೋಡೋಣ. ಮೊದಲ ಫೋಟೊದಲ್ಲಿ ಒಂದು ಅಂಚಿನ ಮೇಲೆ ನಾಲ್ಕು ಸಂದು, ಮೊದಲನೆಯದರಿಂದ ಅಳೆದರೆ 0, 60, 180, 250 ಪಿಕ್ಸೆಲ್. ಒಂದರಿಂದ ಮೂರಕ್ಕೆ 180, ಎರಡರಿಂದ ನಾಲ್ಕಕ್ಕೆ 190, ಇವುಗಳ ಗುಣಲಬ್ಧ 34200. ಎರಡರಿಂದ ಮೂರಕ್ಕೆ 120, ಒಂದರಿಂದ ನಾಲ್ಕಕ್ಕೆ 250, ಗುಣಲಬ್ಧ 30000. ಭಾಗಿಸಿದರೆ 1.14. ಎರಡನೇ ಫೋಟೊದಲ್ಲಿ ಅದೇ ಸಂದುಗಳು 0, 57, 153, 200ರಲ್ಲಿ ಕಾಣುತ್ತವೆ. 153×143 ಅಂದರೆ 21879, 96×200 ಅಂದರೆ 19200. ಭಾಗಿಸಿ: 1.14. ಅಂತರಗಳಲ್ಲಿ ಒಂದೂ ಹೊಂದುವುದಿಲ್ಲ, ಆದರೂ ಮೆಟ್ಟಿಲು ಅದೇ.

ಅವಳ ಮುಖ ಅರಳಿದ್ದು ಈ ಲೆಕ್ಕಕ್ಕೆ. ಆದರೆ ಇದನ್ನೇ ನೆಚ್ಚಿಕೊಂಡು ಕೂರಬೇಡಿ. ಸಂದುಗಳು ಒತ್ತೊತ್ತಾಗಿದ್ದರೆ ಎರಡು ಪಿಕ್ಸೆಲ್ ತಪ್ಪಿದರೂ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. 1ಕ್ಕೆ ತೀರ ಹತ್ತಿರದ ಅಂಕಿಗಳೂ ಉಪಯೋಗಕ್ಕೆ ಬಾರವು, ಒಂದು ಮೆಟ್ಟಿಲನ್ನು ಇನ್ನೊಂದರಿಂದ ಬೇರ್ಪಡಿಸಲಾಗುವುದಿಲ್ಲ. ನಾನು ಒಂದು ಅಂಚಿನ ಮೇಲೆ ಐದಾರು ಸಂದು ಸಿಕ್ಕರೆ ಅವುಗಳಲ್ಲಿ ನಾಲ್ಕು ನಾಲ್ಕರ ಎಲ್ಲ ಗುಂಪುಗಳನ್ನೂ ತೆಗೆದು, ಹೆಚ್ಚು ಗುಂಪುಗಳು ಒಪ್ಪಿದ ಅಭ್ಯರ್ಥಿಗೆ ಮತ ಹಾಕಿಸುತ್ತೇನೆ.

ತೀರ್ಪು

ಹೀಗೆ ಆರಿಸಿದ ಜೋಡಿಗಳಿಂದ ಹೋಮೋಗ್ರಫಿ ತೆಗೆಯುವಾಗ ಅಡ್ಡ ಗೆರೆ ಎರಡು, ಸಂದು ಅಥವಾ ಮೂಲೆಯ ಗೆರೆ ಎರಡು ಎಂದು ಪಾಲು ಹಾಕಿ ಆರಿಸಿ. ರ‍್ಯಾನ್‌ಸ್ಯಾಕ್ ತನ್ನಿಷ್ಟಕ್ಕೆ ಆರಿಸಿದರೆ ನಾಲ್ಕೂ ಮೆಟ್ಟಿಲೇ ಆಗುತ್ತವೆ. ಸಂದುಗಳಲ್ಲೂ ಮೂತಿಯ ಸಮತಲದಲ್ಲಿ ಇರುವಂಥವು ಸಿಗುವುದಿಲ್ಲ, ಒಂದೋ ಮೇಲ್ಮೈಯಲ್ಲಿ ಹಿಂದಕ್ಕೆ ಹೋಗುತ್ತವೆ, ಇಲ್ಲವೇ ಎದುರು ಮೈಯಲ್ಲಿ ಕೆಳಕ್ಕೆ. ಅದಕ್ಕೇ ಸಂದಿನ ಗೆರೆಯನ್ನೇ ಬಳಸದೆ, ಅದು ಮೂತಿಗೆ ತಾಗುವ ಬಿಂದುವನ್ನು ತೆಗೆದು, ಬೇರೆಬೇರೆ ಮೆಟ್ಟಿಲಿನ ಅಂಥ ಎರಡು ಬಿಂದುಗಳನ್ನು ಸೇರಿಸಿ ಗೆರೆ ಮಾಡಿಕೊಳ್ಳಿ. ಅದು ಮೂತಿಯ ಸಮತಲದಲ್ಲೇ ಇರುತ್ತದೆ.

ಮ್ಯಾಟ್ರಿಕ್ಸ್ ಮೊದಲ ಫೋಟೊದ ಬಿಂದುವನ್ನು ಎರಡನೆಯದಕ್ಕೆ ಒಯ್ಯುತ್ತದೆ. ಗೆರೆಗೆ ದಾರಿ ಉಲ್ಟಾ. ಎರಡನೇ ಫೋಟೊದ ಗೆರೆಯನ್ನು ಆ ಮ್ಯಾಟ್ರಿಕ್ಸ್‌ನ ಟ್ರಾನ್ಸ್‌ಪೋಸ್‌ನಿಂದ ಗುಣಿಸಿದರೆ ಮೊದಲ ಫೋಟೊಗೆ ಬರುತ್ತದೆ. ಬಿಂದುವಿನಂತೆಯೇ ಗುಣಿಸಿ, ಉತ್ತರ ಯಾಕೆ ಹುಚ್ಚುಹುಚ್ಚಾಗಿದೆ ಎಂದು ನಾನೇ ಒಮ್ಮೆ ಒಂದು ಇಡೀ ಶನಿವಾರ ಕಳೆದಿದ್ದೇನೆ.

ಆಮೇಲೆ ನಾನು ಬಿಡದೆ ಮಾಡಿಸುವ ಪರೀಕ್ಷೆ ಒಂದಿದೆ. ಹೊಂದಿಕೆ ಸಿಕ್ಕಿತು ಅನಿಸಿದಾಗ, ಬೇಕೆಂತಲೇ ಎಲ್ಲ ಜೋಡಿಗಳನ್ನೂ ಒಂದು ಮೆಟ್ಟಿಲು ಮೇಲಕ್ಕೆ ಜಾರಿಸಿ ಮತ್ತೆ ಹೋಮೋಗ್ರಫಿ ತೆಗೆಯಿರಿ. ಹಾಗೇ ಕೆಳಕ್ಕೂ ಜಾರಿಸಿ. ಮೂರಕ್ಕೂ ಎಷ್ಟು ಸಂದುಗಳು ಹೊಂದಿದವು ಎಂದು ಎಣಿಸಿ. ಮೆಟ್ಟಿಲುಗಳನ್ನು ಎಣಿಸಬೇಡಿ, ಅವು ಮೂರಕ್ಕೂ ಹೂಂ ಅನ್ನುತ್ತವೆ. ಸರಿಯಾದ ಹೊಂದಿಕೆಯ ಎಣಿಕೆ ಉಳಿದೆರಡರ ದುಪ್ಪಟ್ಟಾದರೂ ಇರದಿದ್ದರೆ ನಾನು ಆ ಫೋಟೊ ಜೋಡಿಯನ್ನು ತೆಗೆದುಕೊಳ್ಳುವುದಿಲ್ಲ. ಅವಳ ಮೊದಲ ಜೋಡಿಗೆ ಈ ಪರೀಕ್ಷೆ ಹಾಕಿದಾಗ ಮೂರೂ ಹೆಚ್ಚುಕಮ್ಮಿ ಸಮ ಬಂದವು.

ಕ್ಯಾಮೆರಾ ಎಲ್ಲಿತ್ತು ಎಂಬುದನ್ನೂ ಗೆರೆಗಳಿಂದಲೇ ಕಂಡುಹಿಡಿಯುವ ಆಸೆ ಇದ್ದರೆ ಎರಡು ಫೋಟೊ ಸಾಲವು. ಮೂರು ಆಯಾಮದಲ್ಲಿ, ಸಮಾನಾಂತರವಲ್ಲದ ಯಾವ ಎರಡು ಸಮತಲಗಳಾದರೂ ಎಲ್ಲೋ ಒಂದು ಗೆರೆಯಲ್ಲಿ ಕತ್ತರಿಸಿಯೇ ತೀರುತ್ತವೆ, ಹಾಗಾಗಿ ತಪ್ಪು ಜಾಗವನ್ನೂ ಅದು ತಪ್ಪೆನ್ನುವುದಿಲ್ಲ. ಮೂರನೇ ಫೋಟೊ ಬಂದರೆ ಮಾತ್ರ ಮೂರನೇ ಸಮತಲ ಸಾಕ್ಷಿ ಹೇಳುತ್ತದೆ. ಇಲ್ಲವೇ ಬಿಂದುಗಳಿಂದ ಕ್ಯಾಮೆರಾ ಜಾಗ ತೆಗೆದು ಗೆರೆಗಳನ್ನು ಆಮೇಲೆ ಸೇರಿಸಿ. ನಾವು ಮಾಡಿದ್ದು ಎರಡನೆಯದು.

ಇಷ್ಟೆಲ್ಲ ಯಾಕೆ, ಚಿತ್ರಗಳನ್ನು ನೋಡಿ ತಾವೇ ಕಲಿತ ನ್ಯೂರಲ್ ಜಾಲಗಳೇ ಈಗ ಇವೆಯಲ್ಲ ಎಂದು ಅವಳೂ ಕೇಳಿದಳು. ಇವೆ. 2023ರ ಗ್ಲೂಸ್ಟಿಕ್ ಬಿಂದು-ಗೆರೆಗಳನ್ನು ಒಂದೇ ಜಾಲದಲ್ಲಿ ಕೂರಿಸಿ, ನೆರೆಹೊರೆ ನೋಡಿಯೇ ಹೊಂದಿಸುತ್ತದೆ. ಮನೆ, ಬೀದಿ, ಕಚೇರಿಯ ಚಿತ್ರಗಳಿಗೆ ಅದನ್ನೇ ಬಳಸಿ. ಆದರೆ ಅದು ಕೊಟ್ಟ ಉತ್ತರಕ್ಕೂ ಮೇಲಿನ ಜಾರಿಸುವ ಪರೀಕ್ಷೆ ಹಾಕಿಯೇ ಒಪ್ಪಿಕೊಳ್ಳಿ.

ಕೊನೆಗೆ ನಾವು ಎರಡನೇ ಸಲ ಸಂತೆಬೆನ್ನೂರಿಗೆ ಹೋದೆವು. ಒಂದು ಪಕ್ಕದಲ್ಲಿ ಸಂದುಗಳು ಸವೆದು, ಪಾಚಿ ತುಂಬಿ ಕಾಣುತ್ತಲೇ ಇರಲಿಲ್ಲ. ಹಳೇ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೀಚುವಂತಿಲ್ಲ, ಗೀಚಲೂಬಾರದು. ದಾವಣಗೆರೆಯಿಂದ ಕಟ್ಟಿಸಿಕೊಂಡು ಹೋಗಿದ್ದ ಮಂಡಕ್ಕಿ ಖಾಲಿಯಾಗಿತ್ತು, ಕಟ್ಟಿದ್ದ ಪೇಪರ್ ಇತ್ತು. ಅದನ್ನು ಬಿಡಿಸಿ ಒಂದು ಮೆಟ್ಟಿಲಿನ ಮೇಲೆ ಅಂಚಿಗೆ ಸರಿಯಾಗಿ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದೆವು. ಮೊದಲ ಸಲ ಎರಡೇ ಕಲ್ಲು ಇಟ್ಟಿದ್ದೆವು, ಎರಡನೇ ಫೋಟೊಗೆ ಅವಳು ಮೇಲೆ ಹತ್ತುವಷ್ಟರಲ್ಲಿ ಗಾಳಿಗೆ ಪೇಪರ್ ಮಗ್ಗುಲು ಬದಲಾಯಿಸಿ, ಆ ಜೋಡಿ ವೇಸ್ಟಾಯಿತು. ನಾಲ್ಕು ಕಲ್ಲಿಟ್ಟ ಮೇಲೆ ಎಲ್‌ಎಸ್‌ಡಿ ಆ ಪೇಪರಿನ ನಾಲ್ಕೂ ಅಂಚು ಹಿಡಿಯಿತು. ಜಾರಿಸಿ ನೋಡಿದಾಗ ಮೇಲಕ್ಕೂ ಕೆಳಕ್ಕೂ ಅದು ಹೊಂದಲಿಲ್ಲ, ಇದ್ದ ಜಾಗದಲ್ಲಿ ಮಾತ್ರ ಹೊಂದಿತು.

ಪೇಪರ್ ಎತ್ತಿಕೊಂಡು ಬನ್ನಿ. ನಕ್ಷೆಯಿಂದಲೂ ಆ ನಾಲ್ಕು ಗೆರೆ ಅಳಿಸುವುದನ್ನು ಮರೆಯಬೇಡಿ, ಅವಳು ಮರೆತಿದ್ದಳು.